ಟಸ್ಕೀಗಿಯ ಎರಡು ಮೈದಾನಗಳು

ಪರದೆಯ ಮೇಲಿರುವ ಈ ಫೋಟೋದಿಂದಲೇ ಶುರು ಮಾಡೋಣ. ಪುಟ್ಟ ವಿಮಾನದ ಹಿಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡು ನಗುತ್ತಾ ಕೂತಿರುವವರು ಎಲೀನರ್ ರೂಸ್‌ವೆಲ್ಟ್. ಆಗಿನ ಅಮೆರಿಕದ ಅಧ್ಯಕ್ಷರ ಹೆಂಡತಿ. ಮುಂದಿನ ಸೀಟಿನಲ್ಲಿರುವವರು ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್. ಎಲ್ಲರೂ ಅವರನ್ನು 'ಚೀಫ್' ಅಂತಲೇ ಕರೆಯುತ್ತಿದ್ದರು. ಅಂದು 1941ರ ಮಾರ್ಚ್ 29. ಜಾಗ ಅಲಬಾಮಾ ರಾಜ್ಯದ ಟಸ್ಕೀಗಿ.

ಬೆಂಗಾವಲಿನವರು ಬೇಡವೇ ಬೇಡ ಅಂದರಂತೆ. ಅಧ್ಯಕ್ಷರ ಹೆಂಡತಿ, ಪುಟ್ಟ ವಿಮಾನ, ಅದರಲ್ಲೂ ಕಪ್ಪು ಪೈಲಟ್. ಆಕೆ ಕೇಳಲಿಲ್ಲ. ಹತ್ತಿ ಕೂತರು, ಊರ ಮೇಲೆ ಒಂದು ಸುತ್ತು ಹಾಕಿ ಇಳಿದರು. ಫೋಟೋ ಪತ್ರಿಕೆಗಳಲ್ಲಿ ಬಂತು. ಈ ಹಾರಾಟದಿಂದಲೇ ಅಮೆರಿಕದ ಸೈನ್ಯ ಕಪ್ಪು ಜನರಿಗೆ ಪೈಲಟ್ ತರಬೇತಿ ಕೊಡಲು ಒಪ್ಪಿತು ಎಂದು ಇವತ್ತಿಗೂ ಹೇಳುವವರಿದ್ದಾರೆ.

ಕಥೆ ಚೆನ್ನಾಗಿದೆ, ಆದರೆ ತಾರೀಖು ಕೂಡಿ ಬರುವುದಿಲ್ಲ. ಸೈನ್ಯ ತನ್ನ ತೀರ್ಮಾನವನ್ನು ಪ್ರಕಟಿಸಿದ್ದು ಜನವರಿಯಲ್ಲಿ. ಕಪ್ಪು ಜನರ ಮೊದಲ ಹಾರಾಟದ ದಳ, 99ನೇ ಪರ್ಸ್ಯೂಟ್ ಸ್ಕ್ವಾಡ್ರನ್, ಅಧಿಕೃತವಾಗಿ ಶುರುವಾಗಿದ್ದು ಮಾರ್ಚ್ 22ಕ್ಕೆ. ಅಂದರೆ ಈ ಫೋಟೋಗಿಂತ ಒಂದು ವಾರ ಮೊದಲು. ಹಾಗಂತ ಆಕೆ ಏನೂ ಮಾಡಲಿಲ್ಲ ಅಂತಲ್ಲ. ಜೂಲಿಯಸ್ ರೋಸೆನ್‌ವಾಲ್ಡ್ ನಿಧಿ ಎಂಬ ದತ್ತಿನಿಧಿಯ ಟ್ರಸ್ಟಿಗಳಲ್ಲಿ ಆಕೆಯೂ ಒಬ್ಬರು. ಆ ನಿಧಿಯಿಂದ ಬಂದ 1,75,000 ಡಾಲರ್ ಸಾಲದಿಂದಲೇ ಟಸ್ಕೀಗಿಯಲ್ಲಿ ಏರ್‌ಫೀಲ್ಡ್ ಕಟ್ಟಿದರು. ಆದರೆ ಸಾಲದ ಪತ್ರವನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಅಲ್ವಾ?

ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಇಂಥ ವಿಷಯಗಳನ್ನೇ. ಇಲ್ಲಿ ಕಲಿತು ಎರಡನೇ ಮಹಾಯುದ್ಧದಲ್ಲಿ ಹಾರಿದ ಕಪ್ಪು ಪೈಲಟ್‌ಗಳು, ಟಸ್ಕೀಗಿ ಏರ್‌ಮೆನ್, ಅಂದರೆ ಕೆಂಪು ಬಾಲದ ಮಸ್ಟ್ಯಾಂಗ್ ವಿಮಾನ, ಇಟಲಿಯ ಆಕಾಶ, ಜರ್ಮನ್ ವಿಮಾನಗಳ ಜೊತೆ ಕಾದಾಟ. ಇದೆಲ್ಲ ನಿಮಗೆ ಗೊತ್ತಿರುತ್ತದೆ. ನನಗೆ ಅದಕ್ಕಿಂತ ಕುತೂಹಲ ಅವರು ಕಲಿತ ನೆಲದ ಬಗ್ಗೆ. ಆ ನೆಲವನ್ನು ಯಾಕೆ ಕೊಟ್ಟರು, ಯಾರು ಕಟ್ಟಿದರು, ಅಲ್ಲಿ ದಿನ ಹೇಗೆ ಕಳೆಯುತ್ತಿತ್ತು? ಯಾಕೆಂದರೆ ಆ ಏರ್‌ಫೀಲ್ಡ್ ಒಂದು ವಿಚಿತ್ರ ಉಡುಗೊರೆ. ಕಪ್ಪು ಜನರನ್ನು ಬಿಳಿಯರಿಂದ ದೂರ ಇಡುವುದಕ್ಕೆ ಅಂತಲೇ ಅದನ್ನು ಕಟ್ಟಿದ್ದು.

ಸ್ವಲ್ಪ ಹಿಂದೆ ಹೋಗೋಣ. 1925ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜು ಒಂದು ವರದಿ ಬರೆಯಿತು. ಕಪ್ಪು ಜನರಿಗೆ ಧೈರ್ಯ ಕಡಿಮೆ, ಬುದ್ಧಿ ಕಡಿಮೆ, ನಾಯಕತ್ವ ಬರುವುದಿಲ್ಲ. ಇದು ಅದರ ಸಾರ. ಬೀದಿ ಮಾತಲ್ಲ, ಅಧಿಕಾರಿಗಳು ಕೂತು ಬರೆದ ವರದಿ. ವಾಯುದಳದಲ್ಲಿ ಒಬ್ಬ ಕಪ್ಪು ಪೈಲಟ್ ಕೂಡ ಇರಲಿಲ್ಲ. ಅರ್ಜಿ ಹಾಕಿದರೆ ಬರುತ್ತಿದ್ದ ಉತ್ತರ ಕೇಳಿ: ಕಪ್ಪು ಜನರ ದಳವೇ ಇಲ್ಲ, ನಿಮ್ಮನ್ನು ಎಲ್ಲಿ ಹಾಕೋಣ? ದಳ ಯಾಕಿಲ್ಲ? ಕಪ್ಪು ಪೈಲಟ್‌ಗಳೇ ಇಲ್ಲವಲ್ಲ! ಹೀಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು.

ಚೀಫ್ ಆಂಡರ್ಸನ್ ಹಾರಲು ಕಲಿತ ಕಥೆ ಇಲ್ಲಿ ಹೇಳಲೇಬೇಕು. ಪೆನ್ಸಿಲ್ವೇನಿಯಾದ ಹುಡುಗ. ಕಲಿಸುತ್ತೀರಾ ಅಂತ ಹೋದ ಕಡೆಯೆಲ್ಲ ಇಲ್ಲ ಅಂದರು. ಕೊನೆಗೆ ನೆಂಟರಿಷ್ಟರ ಹತ್ತಿರ ಸಾಲ ಮಾಡಿ ಹಳೇ ವಿಮಾನವೊಂದನ್ನು ಕೊಂಡೇಬಿಟ್ಟರು. ಆಗ ವಯಸ್ಸು 22. ವಿಮಾನ ಇದೆ, ಹಾರಿಸಲು ಬರುವುದಿಲ್ಲ, ಕಲಿಸುವವರೂ ಇಲ್ಲ. ಅದೇ ಕಡೆ ರಸೆಲ್ ಥಾ ಎಂಬ ಬಿಳಿಯ ಪೈಲಟ್ ಇದ್ದ. ಅವನಿಗೆ ಅಟ್ಲಾಂಟಿಕ್ ಸಿಟಿಯಲ್ಲಿದ್ದ ತಾಯಿಯನ್ನು ನೋಡಲು ಹೋಗಿಬರಬೇಕು, ಹಾರಿಸಲು ಬರುತ್ತದೆ, ಆದರೆ ವಿಮಾನ ಇಲ್ಲ. ಒಪ್ಪಂದ ಆಯಿತು. ನನ್ನ ವಿಮಾನ ತಗೊಂಡು ಹೋಗು, ಜೊತೆಯಲ್ಲಿ ನಾನೂ ಬರುತ್ತೇನೆ. ಹಾಗೆ ಪಕ್ಕದಲ್ಲಿ ಕೂತು, ನೋಡಿ ನೋಡಿ, ಕಲಿತರು. ಆಮೇಲೆ ಜರ್ಮನಿಯಿಂದ ವಲಸೆ ಬಂದಿದ್ದ ಅರ್ನೆಸ್ಟ್ ಬ್ಯೂಲ್ ಎಂಬ ಪೈಲಟ್ ಪಾಠ ಹೇಳಿಕೊಟ್ಟರು. 1932ರಲ್ಲಿ ಆಂಡರ್ಸನ್ ಏರ್ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಪಡೆದರು. ಅದನ್ನು ಪಡೆದ ಮೊದಲ ಕಪ್ಪು ಅಮೆರಿಕನ್ ಅವರೇ.

ಮುಂದೆ ಸಾವಿರಾರು ಗಂಟೆ ಬೇರೆಯವರಿಗೆ ಕಲಿಸಿದ ಮನುಷ್ಯನಿಗೆ ಶುರುವಿನಲ್ಲಿ ಕಲಿಸುವವರು ಸಿಕ್ಕಿರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಇವರ ಹತ್ತಿರ ಬರುತ್ತೇನೆ.

1939ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮುಂದೆ ಪೈಲಟ್‌ಗಳು ಬೇಕಾಗುತ್ತಾರೆ ಅಂತ ಅಮೆರಿಕ ಸರ್ಕಾರ ಕಾಲೇಜುಗಳಲ್ಲೇ ಹಾರಾಟ ಕಲಿಸುವ ಯೋಜನೆ ತಂದಿತು. ಕೆಲವು ಕಪ್ಪು ಜನರ ಕಾಲೇಜುಗಳಿಗೂ ಅದು ಸಿಕ್ಕಿತು. ಟಸ್ಕೀಗಿ ಇನ್‌ಸ್ಟಿಟ್ಯೂಟ್ ಅವುಗಳಲ್ಲಿ ಒಂದು. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಶುರು ಮಾಡಿದ ಶಾಲೆ ಅದು. ಕೈಕಸುಬು ಕಲಿಸುವುದಕ್ಕೆ ಹೆಸರುವಾಸಿ. ಅಲ್ಲಿನ ಕಟ್ಟಡಗಳ ಇಟ್ಟಿಗೆಗಳನ್ನು ವಿದ್ಯಾರ್ಥಿಗಳೇ ಸುಟ್ಟಿದ್ದು. ಹಾರಾಟದ ಪಾಠ ಸಿಕ್ಕಿತು, ಆದರೆ ಮೈದಾನ ಇರಲಿಲ್ಲ. ಮೊದಮೊದಲು ಹುಡುಗರು ಸುಮಾರು 40 ಮೈಲಿ ದೂರದ ಮಾಂಟ್‌ಗೊಮರಿಗೆ ಹೋಗಿ ಹಾರಿ ಬರಬೇಕಿತ್ತು.

ಅತ್ತ ಕಪ್ಪು ಜನರ ಪತ್ರಿಕೆಗಳು ಬಿಡದೆ ಬರೆಯುತ್ತಿದ್ದವು. 1940 ಚುನಾವಣೆಯ ವರ್ಷ. 1941ರ ಜನವರಿಯಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ ಯಾನ್ಸಿ ವಿಲಿಯಮ್ಸ್ ಎಂಬ ವಿದ್ಯಾರ್ಥಿ, ತನ್ನನ್ನು ವಾಯುದಳಕ್ಕೆ ಸೇರಿಸಿಕೊಳ್ಳಬೇಕು ಅಂತ ಕೋರ್ಟಿಗೇ ಹೋದ. ಅದೇ ತಿಂಗಳು ಸೈನ್ಯ ಒಪ್ಪಿತು. ಒಪ್ಪಿದ್ದು ಹೇಗೆ ಅಂತ ನೋಡಿ. ಬಿಳಿಯರ ತರಬೇತಿ ಶಾಲೆಗಳ ಬಾಗಿಲು ತೆರೆಯಲಿಲ್ಲ. ಒಂದು ಪ್ರತ್ಯೇಕ ದಳ, ಅದಕ್ಕೆ ಒಂದು ಪ್ರತ್ಯೇಕ ಏರ್‌ಫೀಲ್ಡ್.

ಅಲಬಾಮಾದಲ್ಲಿ ಆಗ ಎಲ್ಲವೂ ಪ್ರತ್ಯೇಕ. ನೀರಿನ ನಲ್ಲಿ ಬೇರೆ, ರೈಲು ಡಬ್ಬಿ ಬೇರೆ, ಹೋಟೆಲಿನ ಬಾಗಿಲು ಬೇರೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಲೋಟ ಇಟ್ಟ ಹೋಟೆಲುಗಳನ್ನು ಕಂಡ ಊರಿನವರು ನಾವು. ಟಸ್ಕೀಗಿಯನ್ನು ಆರಿಸಲು ಹವಾಮಾನ ಒಂದು ಕಾರಣ, ಅಲ್ಲಿ ಆಗಲೇ ಹಾರಾಟದ ಪಾಠ ಇದ್ದದ್ದು ಇನ್ನೊಂದು ಕಾರಣ. ಪ್ರತ್ಯೇಕವಾಗಿ ಇಡುವುದು ಅಲ್ಲಿ ಯಾರಿಗೂ ಹೊಸದಲ್ಲ ಎನ್ನುವುದೂ ಸೈನ್ಯಕ್ಕೆ ಅನುಕೂಲವೇ ಆಗಿತ್ತು.

ಈಗ ಕಪ್ಪು ಜನರೊಳಗೇ ಜಗಳ ಬಂತು. ಇದನ್ನು ತಗೋಬೇಕೋ, ಬೇಡ ಅನ್ನಬೇಕೋ? ಟಸ್ಕೀಗಿಯವರು ತಗೋಣ ಅಂದರು. ಕೈಗೆ ವಿಮಾನ ಬರಲಿ, ಆಮೇಲೆ ನೋಡಿಕೊಳ್ಳೋಣ. ವಿಲಿಯಂ ಹೇಸ್ಟಿ ಇದಕ್ಕೆ ವಿರುದ್ಧ. ಅವರು ನ್ಯಾಯಾಧೀಶರಾಗಿದ್ದವರು, ಆಗ ಯುದ್ಧ ಇಲಾಖೆಯಲ್ಲಿ ಸಲಹೆಗಾರರು. ಪ್ರತ್ಯೇಕ ಮೈದಾನವನ್ನು ಒಪ್ಪಿದರೆ ಪ್ರತ್ಯೇಕತೆಗೇ ಸಹಿ ಹಾಕಿದ ಹಾಗೆ ಎನ್ನುವುದು ಅವರ ವಾದ. ಕೊನೆಗೆ 1943ರ ಜನವರಿಯಲ್ಲಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟೇಬಿಟ್ಟರು. ಇಬ್ಬರಲ್ಲಿ ಯಾರು ಸರಿ ಅಂತ ನನ್ನನ್ನು ಕೇಳಬೇಡಿ. ನಾನು ಎಷ್ಟೋ ಸಲ ಆ ಕಡೆ ಈ ಕಡೆ ಆಗಿದ್ದೇನೆ. ಹೇಸ್ಟಿ ಅವರ ಮಾತು ಎಷ್ಟು ನಿಜ ಅಂತ ಮುಂದೆ ಗೊತ್ತಾಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಸಂಗತಿ. ಟಸ್ಕೀಗಿಯಲ್ಲಿ ಇದ್ದದ್ದು ಒಂದಲ್ಲ, ಎರಡು ಏರ್‌ಫೀಲ್ಡ್. ಮೊದಲನೆಯದು ಮೋಟನ್ ಫೀಲ್ಡ್. ಇನ್‌ಸ್ಟಿಟ್ಯೂಟಿನ ಎರಡನೇ ಪ್ರಾಂಶುಪಾಲರಾಗಿದ್ದ ರಾಬರ್ಟ್ ಮೋಟನ್ ಅವರ ಹೆಸರು. ಅದು ಇನ್‌ಸ್ಟಿಟ್ಯೂಟಿನದೇ ಸ್ವತ್ತು. ಹುಲ್ಲಿನ ಮೈದಾನ, ವಿಮಾನ ನಿಲ್ಲಿಸುವ ಹ್ಯಾಂಗರ್, ಕೆಲವು ಕಟ್ಟಡಗಳು. ಅಷ್ಟೇ. ಗುತ್ತಿಗೆ ಹಿಡಿದವರು ಆರ್ಚಿ ಅಲೆಗ್ಸಾಂಡರ್, ಕಪ್ಪು ಎಂಜಿನಿಯರ್. ಕೆಲಸ ಹಿಂದೆ ಬಿದ್ದಾಗ ಇನ್‌ಸ್ಟಿಟ್ಯೂಟಿನ ಕೆಲಸಗಾರರೇ ಬಂದು ಕೈ ಹಾಕಿದರು. ಎರಡನೆಯದು ಕೆಲವು ಮೈಲಿ ಆಚೆ, ಟಸ್ಕೀಗಿ ಆರ್ಮಿ ಏರ್‌ಫೀಲ್ಡ್. ಅದು ಸೈನ್ಯದ್ದು. ಗಟ್ಟಿ ರನ್‌ವೇಗಳು, ಬ್ಯಾರಕ್‌ಗಳು, ಆಸ್ಪತ್ರೆ, ಒಂದು ಸಣ್ಣ ಊರೇ. ನಕ್ಷೆ ಹಿಲ್ಯಾರ್ಡ್ ರಾಬಿನ್ಸನ್ ಅವರದು, ಕಟ್ಟಿದ್ದು ನ್ಯಾಶ್‌ವಿಲ್‌ನ ಮೆಕಿಸಾಕ್ ಅಂಡ್ ಮೆಕಿಸಾಕ್ ಕಂಪನಿ. ಇವರೂ ಕಪ್ಪು ಜನರೇ. ಕಪ್ಪು ಜನರನ್ನು ದೂರ ಇಡುವ ಮೈದಾನವನ್ನು ಕಪ್ಪು ಜನರೇ ಕಟ್ಟಿದರು. ಚೆನ್ನಾಗಿಯೇ ಕಟ್ಟಿದರು.

ಹೊಸ ಕೆಡೆಟ್ ಮೊದಲು ಮೋಟನ್ ಫೀಲ್ಡಿಗೆ ಬರುತ್ತಿದ್ದ. ಒಂಬತ್ತು ಹತ್ತು ವಾರ ಪ್ರಾಥಮಿಕ ಪಾಠ. ವಿಮಾನ ಸ್ಟಿಯರ್‌ಮನ್: ಎರಡು ಜೊತೆ ರೆಕ್ಕೆ, ಎರಡು ಸೀಟು, ಮೇಲೆ ಮುಚ್ಚಳ ಇಲ್ಲ. ಗಾಳಿ ಮುಖಕ್ಕೇ ಹೊಡೆಯುತ್ತದೆ. ಇಲ್ಲಿ ನನಗೆ ಇಷ್ಟವಾದ ಒಂದು ಸಲಕರಣೆ ಇದೆ, ಗಾಸ್‌ಪೋರ್ಟ್ ಟ್ಯೂಬ್. ಸುಮ್ನೆ ಒಂದು ರಬ್ಬರ್ ಕೊಳವೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ. ಗುರು ಏನು ಬೇಕಾದರೂ ಬೈಯಬಹುದು, ಶಿಷ್ಯ ತಿರುಗಿ ಮಾತಾಡುವ ಹಾಗಿಲ್ಲ, ಅವನ ಕಡೆಯಿಂದ ಕೊಳವೆಯೇ ಇಲ್ಲ! ತಲೆ ಆಡಿಸಬಹುದು ಅಷ್ಟೇ. ಮೇಷ್ಟ್ರುಗಳಿಗೆ ಇಂಥದ್ದೊಂದು ಈಗಲೂ ಬೇಕು ಅನಿಸಬಹುದು.

ಸ್ಟಿಯರ್‌ಮನ್ ಗಟ್ಟಿ ವಿಮಾನ, ಆದರೆ ಅದರ ಚಕ್ರಗಳ ನಡುವೆ ಅಂತರ ಕಡಿಮೆ. ಇಳಿಯುವಾಗ ಕಾಲು ಸ್ವಲ್ಪ ತಪ್ಪಿದರೆ ಬಾಲ ಗಿರ್ರನೆ ತಿರುಗಿ, ರೆಕ್ಕೆಯ ತುದಿ ನೆಲ ಉಜ್ಜುತ್ತದೆ. ಗ್ರೌಂಡ್ ಲೂಪ್ ಅಂತಾರೆ. ಹುಲ್ಲಿನ ಮೇಲೆ ಸ್ವಲ್ಪ ಮಾಫಿ ಇರುತ್ತದೆ. ಮೊದಲ ಪಾಠಕ್ಕೆ ಹುಲ್ಲಿನ ಮೈದಾನವೇ ಒಳ್ಳೆಯದು. ಹತ್ತು ಗಂಟೆ ಆಚೀಚೆ ಹಾರಾಟ ಆದ ಮೇಲೆ ಒಂದು ದಿನ ಗುರು ಇಳಿದುಬಿಡುತ್ತಾರೆ. ಈಗ ನೀನೊಬ್ಬನೇ ಹೋಗಿ ಬಾ. ಅದೇ ಸೋಲೋ. ಮುಂದಿನ ಸೀಟು ಖಾಲಿ, ಕೊಳವೆಯಲ್ಲಿ ಬೈಗುಳ ಇಲ್ಲ.

ಮೋಟನ್ ಫೀಲ್ಡಿನಲ್ಲಿ ಕಲಿಸುತ್ತಿದ್ದವರು ಹೆಚ್ಚಿನವರು ಕಪ್ಪು ಶಿಕ್ಷಕರೇ, ಚೀಫ್ ಆಂಡರ್ಸನ್ ಅವರ ಕೈಕೆಳಗೆ. ಇವರು ಸೈನಿಕರಲ್ಲ, ಇನ್‌ಸ್ಟಿಟ್ಯೂಟಿನ ನೌಕರರು. ಆದರೆ ಪಾಸೋ ಫೇಲೋ ಅಂತ ಪರೀಕ್ಷೆ ಮಾಡುತ್ತಿದ್ದವರು ಸೈನ್ಯದ ಬಿಳಿಯ ಅಧಿಕಾರಿಗಳು. ಪಾಸಾದವನು ದೊಡ್ಡ ಏರ್‌ಫೀಲ್ಡಿಗೆ ಹೋಗುತ್ತಿದ್ದ. ಅಲ್ಲಿ ಬಿಟಿ-13, ಆಮೇಲೆ ಎಟಿ-6 ತರಬೇತಿ ವಿಮಾನ, ಕೊನೆಗೆ ಪಿ-40 ಯುದ್ಧವಿಮಾನ. ಅಲ್ಲಿನ ಶಿಕ್ಷಕರು ಬಿಳಿಯರು.

ಮೊದಲ ತಂಡ 1941ರ ಜುಲೈನಲ್ಲಿ ಶುರುವಾಯಿತು. ಹದಿಮೂರು ಜನ. ಹನ್ನೆರಡು ಕೆಡೆಟ್‌ಗಳು, ಒಬ್ಬರು ಅಧಿಕಾರಿ. ಆ ಅಧಿಕಾರಿ ಕ್ಯಾಪ್ಟನ್ ಬೆಂಜಮಿನ್ ಡೇವಿಸ್ ಜೂನಿಯರ್. ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ನಾಲ್ಕು ವರ್ಷ ಓದುವಾಗ ಉಳಿದ ಕೆಡೆಟ್‌ಗಳು ಅವರ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಕೋಣೆಯಲ್ಲಿ ಒಬ್ಬರೇ, ಊಟಕ್ಕೆ ಕೂತಾಗಲೂ ಒಬ್ಬರೇ. ನಾಲ್ಕು ವರ್ಷ! ಆದರೂ 1936ರಲ್ಲಿ 276 ಜನರಲ್ಲಿ 35ನೆಯವರಾಗಿ ಪಾಸಾದರು. ಆಗಲೇ ವಾಯುದಳ ಕೇಳಿದ್ದರು, ಕೊಟ್ಟಿರಲಿಲ್ಲ.

1942ರ ಮಾರ್ಚ್ 7ರಂದು ಎದೆಗೆ ರೆಕ್ಕೆಯ ಪದಕ ಸಿಕ್ಕಿದ್ದು ಐದು ಜನಕ್ಕೆ. ಡೇವಿಸ್, ಲೆಮ್ಯುಯೆಲ್ ಕಸ್ಟಿಸ್, ಚಾರ್ಲ್ಸ್ ಡಿಬೋ, ಜಾರ್ಜ್ ರಾಬರ್ಟ್ಸ್, ಮ್ಯಾಕ್ ರಾಸ್. ಉಳಿದ ಎಂಟು ಜನ? 'ವಾಶ್ ಔಟ್'. ತೊಳೆದುಹೋದರು. ತರಬೇತಿಯ ಏರ್‌ಫೀಲ್ಡ್‌ಗಳ ಭಾಷೆಯಲ್ಲಿ ಇದೇ ಅತಿ ಭಯದ ಮಾತು. ಯಾವ ತರಬೇತಿ ಮೈದಾನದ ಚರಿತ್ರೆ ಓದಿದರೂ ನನಗೆ ಈ ಜನ ಕಾಡುತ್ತಾರೆ. ಊರಿಡೀ ಬೀಳ್ಕೊಟ್ಟು ಕಳಿಸಿದ ಹುಡುಗ ಮೂರು ತಿಂಗಳಿಗೆ ಪೆಟ್ಟಿಗೆ ಹಿಡಿದು ವಾಪಸ್. ಬಿಳಿಯ ಹುಡುಗ ಫೇಲಾದರೆ ಅವನೊಬ್ಬ ಫೇಲಾದ. ಇಲ್ಲಿ ಒಬ್ಬ ಫೇಲಾದರೆ 1925ರ ವರದಿ ನಿಜ ಅನ್ನಲು ಕಾಯುತ್ತಿದ್ದವರಿದ್ದರು.

ಐವರಲ್ಲಿ ಮ್ಯಾಕ್ ರಾಸ್ ಅದೇ ವರ್ಷ ಪಿ-40 ಹಾರಿಸುವಾಗ ಎಂಜಿನ್ ಕೈಕೊಟ್ಟು ಪ್ಯಾರಾಚೂಟಿನಲ್ಲಿ ಧುಮುಕಿ ಬದುಕಿದರು. ಏರ್‌ಫೀಲ್ಡಿನಲ್ಲಿ ಪ್ಯಾರಾಚೂಟ್ ಮಡಿಸುವ ಕೆಲಸ ಹೆಂಗಸರದ್ದು. ರೇಷ್ಮೆ, ನೈಲಾನ್ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಹಾಸಿ, ಹಗ್ಗಗಳನ್ನು ಸಿಕ್ಕಾಗದಂತೆ ಜೋಡಿಸಿ, ಮಡಿಸಿ ಕಟ್ಟಬೇಕು. ಒಂದು ಮಡಿಕೆ ತಪ್ಪಿದರೆ ಒಂದು ಜೀವ. ಟಸ್ಕೀಗಿ ಏರ್‌ಮೆನ್ ಅಂದರೆ ಪೈಲಟ್‌ಗಳು ಮಾತ್ರ ಅಲ್ಲ. ಮೆಕ್ಯಾನಿಕ್‌ಗಳು, ಹವಾಮಾನ ನೋಡುವವರು, ನರ್ಸ್‌ಗಳು, ಅಡುಗೆಯವರು, ಇವರನ್ನೆಲ್ಲ ಸೇರಿಸಿದರೆ 14,000ಕ್ಕಿಂತ ಜಾಸ್ತಿ. ಯುದ್ಧ ಮುಗಿಯುವ ಹೊತ್ತಿಗೆ ಇಲ್ಲಿ ತರಬೇತಿ ಮುಗಿಸಿದ ಪೈಲಟ್‌ಗಳು 992.

ಈ 992 ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಆ ಯುದ್ಧದಲ್ಲಿ ಅಮೆರಿಕ ಲಕ್ಷಗಟ್ಟಲೆ ಪೈಲಟ್‌ಗಳನ್ನು ತಯಾರು ಮಾಡಿತು. ಕಪ್ಪು ಹುಡುಗರಿಗೆ ಇಡೀ ದೇಶದಲ್ಲಿ ಪ್ರಾಥಮಿಕ ಪಾಠಕ್ಕೆ ಇದ್ದದ್ದು ಇದೊಂದೇ ಮೈದಾನ. ಫೈಟರ್ ಕಲಿಯುವವರೂ ಇಲ್ಲೇ, ಬಾಂಬರಿಗೆ ಬೇಕಾದ ಎರಡು ಎಂಜಿನ್ ವಿಮಾನ ಕಲಿಯುವವರೂ ಇಲ್ಲೇ. ಪರೀಕ್ಷೆ ಪಾಸಾದವರು ತಿಂಗಳುಗಟ್ಟಲೆ ಸರದಿಗಾಗಿ ಕಾಯುತ್ತಿದ್ದರು. ದೇಶಕ್ಕೆ ಪೈಲಟ್ ಬೇಕು, ಪೈಲಟ್ ಆಗಬಲ್ಲವರು ಬಾಗಿಲಲ್ಲೇ ನಿಂತಿದ್ದಾರೆ. ಹಲ್ಲಿದ್ದರೂ ಕಡಲೆ ತಿನ್ನಲು ಬಿಡದ ಹಾಗೆ. ಹೇಸ್ಟಿ ಹೇಳಿದ್ದು ಇದನ್ನೇ.

ಏರ್‌ಫೀಲ್ಡಿನ ಒಳಗೂ ಊಟದ ಜಾಗ, ಶೌಚಾಲಯ ಎಲ್ಲ ಬೇರೆ ಬೇರೆ. ಕಮಾಂಡರ್ ಆಗಿದ್ದ ಕರ್ನಲ್ ವಾನ್ ಕಿಂಬಲ್ ಕಾಲದಲ್ಲಿ ಇದು ಬಿಗಿಯಾಗಿತ್ತು. 1942ರ ಕೊನೆಗೆ ಅವರ ಜಾಗಕ್ಕೆ ನೋಯೆಲ್ ಪ್ಯಾರಿಶ್ ಬಂದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಯಿತು. ಪ್ಯಾರಿಶ್ ಕೆಂಟಕಿಯ ಬಿಳಿಯರು. ಒಳ್ಳೆಯ ಪೈಲಟ್ ಆಗಬಲ್ಲನೇ ಅಂತಷ್ಟೇ ನೋಡುತ್ತಿದ್ದರು ಎಂದು ಅವರ ಕೈಕೆಳಗೆ ಕಲಿತವರೇ ನೆನೆದಿದ್ದಾರೆ. ಲೀನಾ ಹಾರ್ನ್ ಅಂಥ ಹಾಡುಗಾರ್ತಿಯನ್ನು ಏರ್‌ಫೀಲ್ಡಿಗೆ ಕರೆಸಿದರು. ಸಣ್ಣದು ಅನಿಸಬಹುದು. ಆದರೆ ಹೊರಗೆ ಊರಿಗೆ ಹೋದರೆ ಸಮವಸ್ತ್ರದಲ್ಲಿದ್ದರೂ ಅವಮಾನ ಕಾದಿರುತ್ತಿತ್ತು. ಸಂಜೆ ಕಳೆಯಲು ಬೇರೆ ಜಾಗ ಎಲ್ಲಿತ್ತು?

ಒಂದು ನಿಮಿಷ ಪಕ್ಕಕ್ಕೆ ಹೋಗುತ್ತೇನೆ. ಟಸ್ಕೀಗಿ ಹೆಸರು ಕೇಳಿದರೆ ವೈದ್ಯರಿಗೆ ನೆನಪಾಗುವುದು ವಿಮಾನ ಅಲ್ಲ. 1932ರಿಂದ 1972ರವರೆಗೆ ಅದೇ ಊರಿನ ಸುತ್ತಮುತ್ತ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆ ಸುಮಾರು 600 ಬಡ ಕಪ್ಪು ಗಂಡಸರ ಮೇಲೆ ಸಿಫಿಲಿಸ್ ಕಾಯಿಲೆಯ ಅಧ್ಯಯನ ನಡೆಸಿತು. ಕಾಯಿಲೆ ಇದ್ದವರಿಗೆ ಅದನ್ನು ಹೇಳಲಿಲ್ಲ, ಸರಿಯಾದ ಔಷಧಿ ಕೊಡಲಿಲ್ಲ. ಯುದ್ಧ ಬಂದಾಗ ಒಂದು ತೊಡಕಾಯಿತು. ಸೈನ್ಯಕ್ಕೆ ಕರೆದರೆ ರಕ್ತ ಪರೀಕ್ಷೆ ಆಗುತ್ತದೆ, ಕಾಯಿಲೆ ಸಿಗುತ್ತದೆ, ಚಿಕಿತ್ಸೆ ಕೊಟ್ಟುಬಿಡುತ್ತಾರೆ! ಹಾಗಾಗದಂತೆ ಆ ಗಂಡಸರ ಹೆಸರುಗಳನ್ನು ಸೈನ್ಯಕ್ಕೆ ಸೇರಿಸುವ ಸ್ಥಳೀಯ ಮಂಡಳಿಗೆ ಕೊಟ್ಟು, ಇವರಿಗೆ ಚಿಕಿತ್ಸೆ ಬೇಡ ಎಂದು ತಡೆದರು. ಅದೇ ಊರು, ಅದೇ ವರ್ಷಗಳು. ಮೇಲೆ ಸ್ಟಿಯರ್‌ಮನ್ ಹಾರುತ್ತಿದೆ, ಕೆಳಗೆ ಹತ್ತಿ ಹೊಲದಲ್ಲಿ ಆ ಗಂಡಸರು ತಲೆಯೆತ್ತಿ ನೋಡಿರಲೇಬೇಕು. ಮೋಟನ್ ಫೀಲ್ಡಿನ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸರಿ, ವಾಪಸ್ ಬರೋಣ. ತರಬೇತಿ ಮುಗಿದ 99ನೇ ಸ್ಕ್ವಾಡ್ರನ್ ಯುದ್ಧಕ್ಕೆ ಹೋಗಲು ತಿಂಗಳುಗಟ್ಟಲೆ ಕಾಯಿತು. ಕಳಿಸಿದ್ದು 1943ರ ಏಪ್ರಿಲ್‌ನಲ್ಲಿ, ಉತ್ತರ ಆಫ್ರಿಕಾಕ್ಕೆ. 1944ರ ಬೇಸಿಗೆಯಲ್ಲಿ ಡೇವಿಸ್ ನಾಯಕತ್ವದ, ಟಸ್ಕೀಗಿಯ ಪೈಲಟ್‌ಗಳದೇ ಆದ 332ನೇ ಫೈಟರ್ ಗ್ರೂಪ್ ಇಟಲಿಯಲ್ಲಿ ಪಿ-47 ಥಂಡರ್‌ಬೋಲ್ಟ್ ಹಾರಿಸುತ್ತಿತ್ತು, ಆಮೇಲೆ ಮಸ್ಟ್ಯಾಂಗಿಗೆ ಬದಲಾಯಿತು. ಏರ್ ಷೋ ನೋಡಲು ಯಲಹಂಕಕ್ಕೆ ಹೋದವರು ನಿಮ್ಮಲ್ಲಿ ಬಹಳ ಜನ ಇರುತ್ತೀರಿ. ಅದೇ 1944ರಲ್ಲಿ ಆ ಯಲಹಂಕದಲ್ಲೂ ತರಬೇತಿ ನಡೆಯುತ್ತಿತ್ತು. ಬರ್ಮಾ ಯುದ್ಧಕ್ಕೆ ಹೋಗುವ ಬ್ರಿಟಿಷ್ ವಾಯುಪಡೆಯ ಪೈಲಟ್‌ಗಳು ಹರಿಕೇನ್ ಬಿಟ್ಟು ಇದೇ ಥಂಡರ್‌ಬೋಲ್ಟ್ ಕಲಿಯಲು ಬರುತ್ತಿದ್ದರು. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಮಸ್ಟ್ಯಾಂಗಿನ ಬಾಲಕ್ಕೆ ಕೆಂಪು ಬಳಿದರು, ಬಾಂಬರುಗಳಿಗೆ ಕಾವಲು ಹೋದರು. ಅವರ ಕಾವಲಿನಲ್ಲಿ ಒಂದು ಬಾಂಬರೂ ಶತ್ರು ವಿಮಾನಕ್ಕೆ ಬಲಿಯಾಗಲಿಲ್ಲ ಎಂಬ ಮಾತು ಅರ್ಧ ಶತಮಾನ ಓಡಾಡಿತು. ಇದೂ ಆ ಫೋಟೋ ಥರದ್ದೇ. ವಾಯುಪಡೆಯ ಇತಿಹಾಸಕಾರ ಡೇನಿಯಲ್ ಹಾಲ್ಮನ್ ದಾಖಲೆಗಳನ್ನು ಕೂತು ಹೋಲಿಸಿದಾಗ ಸಿಕ್ಕ ಲೆಕ್ಕ 27. ಅದೇ ಕೆಲಸ ಮಾಡಿದ ಉಳಿದ ಗ್ರೂಪ್‌ಗಳ ಸರಾಸರಿ 46. ಹಳೆಯ ಪೈಲಟ್‌ಗಳಲ್ಲಿ ಕೆಲವರಿಗೆ ಈ ಲೆಕ್ಕ ಬೇಸರ ತಂದಿತು, ಅರ್ಥವಾಗುತ್ತದೆ. ನನಗಂತೂ ಸೊನ್ನೆಗಿಂತ 27 ಇಷ್ಟ. ಸೊನ್ನೆ ದೇವರ ಪವಾಡ. 27 ಮನುಷ್ಯರು ಕಲಿತು ಮಾಡಿದ ಕೆಲಸ. ವಿದೇಶಕ್ಕೆ ಹೋದವರಲ್ಲಿ 66 ಜನ ಯುದ್ಧದಲ್ಲಿ ಸತ್ತರು, 32 ಜನ ಸೆರೆ ಸಿಕ್ಕರು.

1945ರಲ್ಲಿ ಇಂಡಿಯಾನಾ ರಾಜ್ಯದ ಫ್ರೀಮನ್ ಫೀಲ್ಡಿನಲ್ಲಿ ನಡೆದದ್ದು ನೋಡಿ. 477ನೇ ಬಾಂಬರ್ ಗ್ರೂಪಿನ ಕಪ್ಪು ಅಧಿಕಾರಿಗಳು ಅಲ್ಲಿದ್ದರು. ಎರಡು ಆಫೀಸರ್ಸ್ ಕ್ಲಬ್. ಬಣ್ಣದ ಹೆಸರು ಹೇಳಿ ತಡೆಯಲು ಸೈನ್ಯದ ನಿಯಮವೇ ಬಿಡುತ್ತಿರಲಿಲ್ಲ. ಅದಕ್ಕೊಂದು ಉಪಾಯ ಮಾಡಿದರು: ಒಂದು ಕ್ಲಬ್ 'ಕಲಿಸುವವರಿಗೆ', ಇನ್ನೊಂದು 'ಕಲಿಯುವವರಿಗೆ'. ಕಪ್ಪು ಅಧಿಕಾರಿಗಳೆಲ್ಲ ಕಲಿಯುವವರು! ತರಬೇತಿ ಎನ್ನುವ ಮಾತೇ ಬೇಲಿಯಾಯಿತು. ಅವರು ಗುಂಪು ಗುಂಪಾಗಿ ಕಲಿಸುವವರ ಕ್ಲಬ್ಬಿಗೆ ನಡೆದರು. ಆಮೇಲೆ ನಿಯಮ ಓದಿ ಒಪ್ಪಿದ್ದೇವೆ ಅಂತ ಸಹಿ ಹಾಕಿ ಎಂದಾಗ 101 ಜನ ಹಾಕಲಿಲ್ಲ, ಬಂಧನವಾಯಿತು. ಯುದ್ಧಕಾಲದಲ್ಲಿ ಆಜ್ಞೆ ಮೀರಿದರೆ ಮರಣದಂಡನೆಯವರೆಗೂ ಹೋಗಬಹುದಿತ್ತು. ಕೊನೆಗೆ ಶಿಕ್ಷೆಯಾಗಿದ್ದು ರೋಜರ್ ಟೆರಿ ಒಬ್ಬರಿಗೆ. ಅದು ರದ್ದಾಗಿದ್ದು 1995ರಲ್ಲಿ. ಸೈನ್ಯದಲ್ಲಿ ಪ್ರತ್ಯೇಕತೆ ಕೊನೆಯಾಗಬೇಕು ಎಂದು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರ ಜುಲೈ 26ಕ್ಕೆ. ಅಷ್ಟರಲ್ಲಿ ಟಸ್ಕೀಗಿಯ ಕೊನೆಯ ತಂಡ ಪಾಸಾಗಿ ಎರಡು ವರ್ಷ ಆಗಿತ್ತು.

ಈಗ ಆ ಎರಡು ಮೈದಾನಗಳು ಹೇಗಿವೆ? ಸೈನ್ಯದ ದೊಡ್ಡ ಏರ್‌ಫೀಲ್ಡನ್ನು ಯುದ್ಧ ಮುಗಿದ ಮೇಲೆ ಮುಚ್ಚಿದರು. ಕಟ್ಟಡಗಳು ಹೋದವು, ಗಿಡಗಂಟಿ ಬೆಳೆಯಿತು. ಉಳಿದದ್ದು ಹುಲ್ಲಿನ ಮೋಟನ್ ಫೀಲ್ಡ್. ಅದು ಊರಿನ ಸಣ್ಣ ವಿಮಾನ ನಿಲ್ದಾಣವಾಯಿತು. ಎರಡನೇ ಹ್ಯಾಂಗರ್ 1989ರಲ್ಲಿ ಸುಟ್ಟುಹೋಯಿತು. 1998ರಲ್ಲಿ ಆ ಜಾಗವನ್ನು ರಾಷ್ಟ್ರೀಯ ಚಾರಿತ್ರಿಕ ತಾಣ ಎಂದು ಘೋಷಿಸಿದರು. ಮೊದಲ ಹ್ಯಾಂಗರನ್ನು ಸರಿಪಡಿಸಿ 2008ರಲ್ಲಿ ಜನರಿಗೆ ತೆರೆದರು, ಸುಟ್ಟದ್ದನ್ನು ಮತ್ತೆ ಕಟ್ಟಿ ಅದನ್ನೂ ಮ್ಯೂಸಿಯಂ ಮಾಡಿದರು.

ಚೀಫ್ ಆಂಡರ್ಸನ್ ಯುದ್ಧ ಮುಗಿದ ಮೇಲೂ ಊರು ಬಿಡಲಿಲ್ಲ. ಮೋಟನ್ ಫೀಲ್ಡಿನಲ್ಲೇ ವಿಮಾನ ರಿಪೇರಿ, ವಿಮಾನ ಮಾರಾಟ, ಹಾರಾಟದ ಪಾಠ. ಎಂಬತ್ತು ವರ್ಷದ ಹತ್ತಿರ ಬಂದರೂ ಪಾಠ ಹೇಳುತ್ತಿದ್ದರು. ಅವರ ಹತ್ತಿರ ಕಲಿಯಲು ಬಿಳಿಯ ಹುಡುಗರೂ ಬರುತ್ತಿದ್ದರು.